‘ಬೇಡ’ ಅನ್ನಲು ಬಾರದವನಿಗೆ ಒಂದು ಮನೆ

ಫೆಬ್ರವರಿಯ ಒಂದು ಬೆಳಗ್ಗೆ. ಕೆನಡಾದ ಎಡ್ಮಂಟನ್‌ನಲ್ಲಿ ಮೈನಸ್ 27 ಡಿಗ್ರಿ. ಅವನು ತನ್ನದೇ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಮುದುಡಿ ಮಲಗಿದ್ದ. ಜೇಬಿನಲ್ಲಿ ಬೀಗದ ಕೈ ಇತ್ತು. ಮೂರನೇ ಮಹಡಿಯಲ್ಲಿ ಅವನ ಹೆಸರಿನಲ್ಲೇ ಮನೆ ಇತ್ತು. ಆ ತಿಂಗಳ ಬಾಡಿಗೆ ಕೂಡ ಕಟ್ಟಿ ಆಗಿತ್ತು. ಮನೆಯೊಳಗೆ ಏಳು ಜನ ಇದ್ದರು. ಅವರಲ್ಲಿ ಇಬ್ಬರ ಹೆಸರು ಮಾತ್ರ ಅವನಿಗೆ ಗೊತ್ತಿತ್ತು.

“ಒಳಗೆ ಯಾಕೆ ಮಲಗಲಿಲ್ಲ?” ಅಂತ ಕೇಳಿದೆ.

“ಜಾಗ ಇರಲಿಲ್ಲ” ಅಂದ. ಸಿಟ್ಟಿಲ್ಲ, ದೂರಿಲ್ಲ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಅನ್ನುವ ಹಾಗೆ ಹೇಳಿದ.

ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಆಲ್ಬರ್ಟಾ ಪ್ರಾಂತ್ಯದ ಬಾಡಿಗೆ ಕಾಯ್ದೆಯಲ್ಲಿ, ಬಾಡಿಗೆಗಿದ್ದವರು ದೊಡ್ಡ ತಪ್ಪು ಮಾಡಿದರೆ ಮಾಲೀಕರು 14 ದಿನದ ನೋಟಿಸ್ ಕೊಟ್ಟು ಖಾಲಿ ಮಾಡಿಸಬಹುದು. ಇದು ಆ ನೋಟಿಸ್. ನಾಲ್ಕು ವರ್ಷದಲ್ಲಿ ಅವನ ಕೈತಪ್ಪಿದ ಮೂರನೇ ಮನೆ ಅದು.

ಮನೆಯಿಲ್ಲದವರಿಗೆ ಮನೆ ಹುಡುಕಿಕೊಡುವುದು, ಸಿಕ್ಕ ಮನೆಯಲ್ಲಿ ಅವರು ನೆಲೆ ನಿಲ್ಲುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಈ ಬರಹದಲ್ಲಿ ಅವನಿಗೆ ಹೆಸರಿಟ್ಟಿಲ್ಲ. ಗುರುತು ಹತ್ತಬಾರದು ಅಂತ ಒಂದಕ್ಕಿಂತ ಹೆಚ್ಚು ಜನರ ವಿವರ ಕಲಸಿದ್ದೇನೆ, ವಯಸ್ಸು ಮತ್ತು ತಿಂಗಳುಗಳನ್ನು ಬದಲಿಸಿದ್ದೇನೆ. 31 ವರ್ಷದ ಒಬ್ಬ ಗಂಡಸು ಅಂದುಕೊಳ್ಳಿ. ಎತ್ತರದ ಆಳು, ಮಾತುಗಾರ, ಜೋಕು ಹೇಳಿ ಎದುರಿಗಿದ್ದವರನ್ನು ನಗಿಸುವವನು. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿವೆ.

ಫೈಲಿನಲ್ಲಿ ಇದ್ದದ್ದು

ಅವನ ಫೈಲು ನನ್ನ ಕೈಗೆ ಬಂದಾಗ ಅದರಲ್ಲಿ ಕೆಲವು ಮಾತುಗಳು ಪದೇ ಪದೇ ಇದ್ದವು. ಸಹಕರಿಸುವುದಿಲ್ಲ. ಅಪಾಯಿಂಟ್‌ಮೆಂಟಿಗೆ ಬರುವುದಿಲ್ಲ. ಒಪ್ಪಿಕೊಂಡದ್ದನ್ನು ಮಾಡುವುದಿಲ್ಲ. ಸುಳ್ಳು ಹೇಳುತ್ತಾನೆ. ಬರೆದವರು ಬೇರೆ ಬೇರೆ, ಕೈಬರಹ ಬೇರೆ ಬೇರೆ. ಆದರೆ ತೀರ್ಪು ಒಂದೇ.

ಮೊದಲನೇ ಮನೆ ಹೋದದ್ದು ಬಾಡಿಗೆಗೆ. ದುಡ್ಡು ಅವನ ಕೈಗೇ ಬರುತ್ತಿತ್ತು, ಎರಡು ದಿನದಲ್ಲಿ ಖಾಲಿ ಆಗುತ್ತಿತ್ತು. ಕುಡಿತಕ್ಕೆ ಹೋದದ್ದು ಕಮ್ಮಿ. ಯಾರೋ ಕೇಳಿದರು, ಕೊಟ್ಟ. ಇನ್ನೊಬ್ಬ ಕೇಳಿದ, ಅವನಿಗೂ ಕೊಟ್ಟ. ಎರಡನೇ ಮನೆ ಹೋದದ್ದು ಒಲೆಗೆ. ನೂಡಲ್ಸ್ ಇಟ್ಟು ಮರೆತು ಹೊರಗೆ ಹೋದ. ಹೊಗೆ ಎದ್ದು, ಬೆಂಕಿ ಆರಿಸಲು ಸೂರಿಗೆ ಹಾಕಿದ್ದ ಕೊಳವೆಯಿಂದ ನೀರು ಸುರಿದು, ಕೆಳಗಿನ ಎರಡು ಮನೆ ನೆನೆದವು. ಮೂರನೆಯದು ಈ ಏಳು ಜನ.

ಮೂರೂ ಬಾರಿ ನಮ್ಮ ಕಡೆಯಿಂದ ಅವನಿಗೆ ಸಿಕ್ಕಿದ್ದು ಒಂದೇ ಬಗೆಯ ಮನೆ, ಒಂದೇ ಬಗೆಯ ಸಹಾಯ. ‘ಹೌಸಿಂಗ್ ಫಸ್ಟ್’ ಅನ್ನುತ್ತಾರೆ. ಮೊದಲು ಕುಡಿತ ಬಿಡು, ಔಷಧಿ ತಗೋ, ಆಮೇಲೆ ಮನೆ ಅನ್ನುವ ಹಳೇ ಪದ್ಧತಿಯನ್ನು ತಿರುಗಿಸಿ ಹಾಕಿ, ಮೊದಲು ಮನೆ ಕೊಡೋಣ, ಉಳಿದದ್ದು ಆಮೇಲೆ ಅನ್ನುವ ದಾರಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಶುರು ಮಾಡಿದ್ದು. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿದರು, ಎರಡು ಸಾವಿರಕ್ಕೂ ಜಾಸ್ತಿ ಜನ ಅದರಲ್ಲಿದ್ದರು. ಬಹಳ ಜನಕ್ಕೆ ಇದು ಕೆಲಸ ಮಾಡುತ್ತದೆ, ನನಗೆ ಅದರಲ್ಲಿ ಅನುಮಾನ ಇಲ್ಲ. ಆದರೆ ನಾವು ಅದನ್ನು ನಡೆಸುವ ರೀತಿಯಲ್ಲಿ ಹೇಳದೇ ಬಿಟ್ಟ ಒಂದು ನಿರೀಕ್ಷೆ ಇದೆ. ಬೀಗದ ಕೈ ಕೊಟ್ಟ ಮೇಲೆ ಬಾಗಿಲು ಕಾಯುವುದು ಅವನ ಕೆಲಸ. ವಾರಕ್ಕೊಮ್ಮೆ ನಾವು ಬರುತ್ತೇವೆ, ಉಳಿದ ಆರು ದಿನ ಅವನೇ ನೆನಪಿಟ್ಟುಕೊಳ್ಳಬೇಕು, ಅವನೇ ಲೆಕ್ಕ ಹಾಕಬೇಕು, ಅವನೇ ‘ಬೇಡ’ ಅನ್ನಬೇಕು.

ಅವನಿಗೆ ಆಗದಿದ್ದದ್ದು ಈ ಮೂರೇ.

ಇನ್ನೂರು ಪುಟದಲ್ಲಿ ಒಂದು ಸಾಲು

ಮೂರನೇ ಮನೆ ಹೋದ ಮೇಲೆ ಅವನ ಒಪ್ಪಿಗೆ ಪಡೆದು ಬಾಲ್ಯದ ಕಡತ ತರಿಸಿಕೊಂಡೆವು. ಇನ್ನೂರು ಚಿಲ್ಲರೆ ಪುಟ. ಹನ್ನೊಂದು ಸಾಕುಮನೆಗಳು. ಐದು ಶಾಲೆಗಳು. ಎರಡನೇ ಪುಟದಲ್ಲೇ ಒಂದು ಸಾಲು ಇತ್ತು: ತಾಯಿ ಬಸುರಿಯಾಗಿದ್ದಾಗ ಕುಡಿಯುತ್ತಿದ್ದರು. ಮುಂದಿನ ಪುಟಗಳಲ್ಲಿ ಆ ಸಾಲನ್ನು ಯಾರೂ ಮತ್ತೆ ಎತ್ತಿಲ್ಲ. ಅವನು ಹುಟ್ಟಿದ ವಾರ ಯಾರೋ ಬರೆದ ಆ ಮಾತು ಮೂವತ್ತು ವರ್ಷ ಅಲ್ಲೇ ಸುಮ್ನೆ ಕೂತಿತ್ತು.

ಎಫ್‌ಎಎಸ್‌ಡಿ, ಅಂದರೆ ‘ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್’ ಅನ್ನುತ್ತಾರೆ ಇದಕ್ಕೆ. ಕನ್ನಡದಲ್ಲಿ ಇನ್ನೂ ನೆಲೆ ನಿಂತ ಹೆಸರಿಲ್ಲ. ಬಸಿರಿನಲ್ಲಿ ಮದ್ಯ ತಾಗಿ ಮಗುವಿನ ಮಿದುಳಿಗೆ, ಮೈಗೆ ಆಗುವ ಪೆಟ್ಟು ಅಂತ ಬಿಡಿಸಿ ಹೇಳಬಹುದು. ತಾಯಿಯ ರಕ್ತದಿಂದ ಮದ್ಯ ಸೀದಾ ಮಗುವಿಗೆ ಹೋಗುತ್ತದೆ. ಅದನ್ನು ಕರಗಿಸುವ ಶಕ್ತಿ ಎಳೆಯ ಪಿತ್ತಜನಕಾಂಗಕ್ಕೆ ಇರುವುದಿಲ್ಲ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ, ಹಾಗಾಗಿ ಇಂಥ ತಿಂಗಳು ಅಪಾಯವಿಲ್ಲ ಅಂತ ಹೇಳುವಂತಿಲ್ಲ. 1968ರಲ್ಲಿ ಫ್ರಾನ್ಸಿನ ನಾಂತ್ ಎಂಬ ಊರಿನಲ್ಲಿ ಪೌಲ್ ಲೆಮೊಆನ್ ಎಂಬ ವೈದ್ಯರು 127 ಮಕ್ಕಳನ್ನು ನೋಡಿ ಇದನ್ನು ಬರೆದಿದ್ದರು. ಹೆಚ್ಚು ಜನ ಗಮನಿಸಲಿಲ್ಲ. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ ಹೆಸರಿಟ್ಟ ಮೇಲೆ ಜಗತ್ತು ತಿರುಗಿ ನೋಡಿತು.

ಆಗ ಎಲ್ಲರ ಕಣ್ಣಿಗೆ ಬಿದ್ದದ್ದು ಮುಖ. ಚಿಕ್ಕ ಕಣ್ಣು, ಮೂಗು ಮತ್ತು ತುಟಿ ನಡುವಿನ ಗೆರೆ ಮಾಸಿ ಸಪಾಟಾಗಿರುವುದು, ತೆಳ್ಳಗಿನ ಮೇಲ್ದುಟಿ. ತೊಂದರೆ ಏನೆಂದರೆ ಎಫ್‌ಎಎಸ್‌ಡಿ ಇರುವ ಬಹುಪಾಲು ಜನರಿಗೆ ಈ ಮುಖ ಇರುವುದೇ ಇಲ್ಲ. ನಮ್ಮವನಿಗೂ ಇಲ್ಲ. ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆನಡಾದಲ್ಲಿ ನೂರಕ್ಕೆ ನಾಲ್ಕು ಜನರಿಗೆ ಇದು ಇರಬಹುದು ಅಂತ ಅಂದಾಜು. ಆದರೂ ಅವರಲ್ಲಿ ಬಹಳ ಜನರಿಗೆ ತಮಗೇನಾಗಿದೆ ಅಂತ ಯಾರೂ ಹೇಳಿರುವುದಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಈ ವಿಷಯ ಎತ್ತಿದ ಕೂಡಲೇ ಕೇಳುವವರ ಬೆರಳು ತಾಯಿಯ ಕಡೆ ಹೋಗುತ್ತದೆ. ಅವನ ತಾಯಿಗೆ ಆಗ ಹತ್ತೊಂಬತ್ತು. ಹೊಡೆಯುವ ಗಂಡಸಿನ ಜೊತೆ ಇದ್ದಳು. ಬಸುರಿ ಅಂತ ಗೊತ್ತಾದದ್ದೇ ನಾಲ್ಕನೇ ತಿಂಗಳಲ್ಲಿ. ಕೆನಡಾದಲ್ಲಿ ಇದಕ್ಕೆ ಇನ್ನೊಂದು ಕೊಂಕೂ ಇದೆ. ಇದು ಮೂಲನಿವಾಸಿಗಳ ಕಾಯಿಲೆ ಅಂತ ಸಲೀಸಾಗಿ ಅಂದುಬಿಡುತ್ತಾರೆ. ಎಡ್ಮಂಟನ್‌ನ ಬೀದಿಯಲ್ಲಿರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮೂಲನಿವಾಸಿಗಳು ಅನ್ನುವುದು ನಿಜ. ಅದರ ಹಿಂದೆ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗಿ ವಸತಿಶಾಲೆಗೆ ಹಾಕಿದ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಆ ಶಾಲೆಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಆದರೆ ಟೊರಾಂಟೊ ಸುತ್ತಮುತ್ತಲಿನ ಸಾಮಾನ್ಯ ಶಾಲೆಗಳಲ್ಲಿ 7ರಿಂದ 9 ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗಲೂ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇದು ಕಂಡಿತು. ಮದ್ಯ ಇರುವ ಕಡೆ ಎಲ್ಲ ಇದು ಇದೆ.

ಪರೀಕ್ಷೆಗೆ ಏಳು ತಿಂಗಳು ಕಾದೆವು. ಕೆನಡಾದ 2016ರ ಮಾರ್ಗಸೂಚಿಯ ಪ್ರಕಾರ ಮಿದುಳಿನ ಕೆಲಸವನ್ನು ಹತ್ತು ಭಾಗ ಮಾಡಿ ನೋಡುತ್ತಾರೆ. ಮೂರು ಅಥವಾ ಹೆಚ್ಚು ಭಾಗಗಳಲ್ಲಿ ತೀವ್ರ ತೊಂದರೆ ಇರಬೇಕು. ಮುಖದ ಗುರುತು ಇಲ್ಲದಿದ್ದರೆ, ಬಸಿರಿನಲ್ಲಿ ಮದ್ಯ ತಾಗಿತ್ತು ಅನ್ನುವುದಕ್ಕೆ ಖಾತ್ರಿ ಬೇಕು. ಆ ಎರಡನೇ ಪುಟದ ಸಾಲು ಇಲ್ಲದಿದ್ದರೆ ಅವನಿಗೆ ಈ ಹೆಸರು ಸಿಗುತ್ತಲೇ ಇರಲಿಲ್ಲ. ಅವನಿಗೆ ಐದು ಭಾಗಗಳಲ್ಲಿ ತೊಂದರೆ ಇತ್ತು. ನೆನಪು, ಗಮನ, ಯೋಜನೆ ಮಾಡಿ ನಡೆಸುವ ಶಕ್ತಿ, ಲೆಕ್ಕ, ದಿನನಿತ್ಯದ ಬದುಕಿನ ಕೆಲಸ.

ಐಕ್ಯೂ 84.

ಈ 84 ಅವನ ಪಾಲಿಗೆ ಶಾಪ. ಆಲ್ಬರ್ಟಾದಲ್ಲಿ ಬೆಳವಣಿಗೆಯ ಅಂಗವೈಕಲ್ಯ ಇರುವ ವಯಸ್ಕರಿಗೆ ಪಿಡಿಡಿ ಅನ್ನುವ ಸೇವೆ ಇದೆ. ಅದಕ್ಕೆ ಐಕ್ಯೂ 70 ಅಥವಾ ಅದಕ್ಕಿಂತ ಕಮ್ಮಿ ಇರಬೇಕು. ಪಕ್ಕದ ಬ್ರಿಟಿಷ್ ಕೊಲಂಬಿಯಾ 2010ರಲ್ಲೇ ಬೇರೊಂದು ದಾರಿ ಮಾಡಿತು. ಐಕ್ಯೂ 70ಕ್ಕಿಂತ ಮೇಲಿದ್ದರೂ, ಎಫ್‌ಎಎಸ್‌ಡಿ ಇದ್ದು ದಿನನಿತ್ಯದ ಬದುಕು ಸಾಗಿಸಲು ಆಗದವರಿಗೆ ಅಲ್ಲಿ ಸಹಾಯ ಸಿಗುತ್ತದೆ. ಸಿಯಾಟಲ್‌ನ ಸಂಶೋಧಕಿ ಆನ್ ಸ್ಟ್ರೈಸ್‌ಗತ್ 1996ರಲ್ಲಿ ಇಂಥ 415 ಜನರ ಬದುಕನ್ನು ಪರಿಶೀಲಿಸಿ ಒಂದು ವರದಿ ಕೊಟ್ಟರು. ಅವರಲ್ಲಿ ವಯಸ್ಕರಾದ ಹೆಚ್ಚಿನವರಿಗೆ ಒಂಟಿಯಾಗಿ ಬದುಕುವುದು ಆಗುತ್ತಿರಲಿಲ್ಲ. ಆದರೆ ಐಕ್ಯೂ 70ರ ಮೇಲೆ ಇದ್ದವರೇ ಜಾಸ್ತಿ. ಅಂದರೆ ಸಹಾಯ ಬೇಕು, ಸಹಾಯಕ್ಕೆ ಅರ್ಹರಲ್ಲ. ಚಿಕ್ಕಂದಿನಲ್ಲೇ ಪತ್ತೆಯಾಗುವುದು, ನೆಲೆಯಾದ ಒಂದು ಮನೆ ಸಿಗುವುದು, ಇವು ಅವರನ್ನು ಕಾಪಾಡುತ್ತವೆ ಅಂತಲೂ ಆ ವರದಿ ಹೇಳಿತ್ತು. ನಮ್ಮವನಿಗೆ ಎರಡೂ ಸಿಕ್ಕಿರಲಿಲ್ಲ.

ಕ್ಲಿನಿಕ್ ಕೊಟ್ಟ ವರದಿಯನ್ನು ಅವನು ನಾಲ್ಕು ಮಡಿಕೆ ಮಾಡಿ ಶೂ ಒಳಗೆ ಇಟ್ಟುಕೊಂಡ, ಕಳೆಯಬಾರದು ಅಂತ. ಒಂದು ವಾರದಲ್ಲಿ ಶೂ ಸಮೇತ ಕಳೆದುಹೋಯಿತು. ನಾವು ಮೊದಲೇ ಆರು ಕಾಪಿ ಮಾಡಿಸಿದ್ದೆವು.

ಮಾತು ಮುಂದೆ, ಲೆಕ್ಕ ಹಿಂದೆ

ತರಬೇತಿಗಳಲ್ಲಿ ಒಂದು ಪಟ್ಟಿ ತೋರಿಸುತ್ತಾರೆ. 18 ವರ್ಷದ ಒಬ್ಬನ ಮಾತು 20ರವನ ಹಾಗೆ. ದುಡ್ಡು, ಸಮಯದ ತಿಳಿವಳಿಕೆ 8ರವನ ಹಾಗೆ. ಮನಸ್ಸಿನ ಪಕ್ವತೆ ಇನ್ನೂ ಚಿಕ್ಕ ಮಗುವಿನ ಹಾಗೆ. ಎಲ್ಲರೂ ಹೀಗೇ ಇರುತ್ತಾರೆ ಅಂತಲ್ಲ, ಇಂಥ ಪಟ್ಟಿಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ದೊಡ್ಡವರನ್ನು ಮಗು ಅಂದುಬಿಡುವುದು ಸುಲಭ, ಅಪಾಯ ಕೂಡ. ಆದರೆ ಅದರಲ್ಲಿ ಒಂದು ಸತ್ಯ ಇದೆ. ಮಾತು ಚೆನ್ನಾಗಿ ಬರುವವನಿಗೆ ಉಳಿದದ್ದೂ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ?

“ಅರ್ಥ ಆಯ್ತಾ?” ಅಂತ ಕೇಳಿದರೆ ಅವನು ಹೂಂ ಅನ್ನುತ್ತಾನೆ. ಆ ಕ್ಷಣಕ್ಕೆ ಅರ್ಥ ಆಗಿರುವುದೂ ನಿಜ. “ಏನು ಹೇಳಿದೆ, ತಿರುಗಿ ಹೇಳು” ಅಂದರೆ ಹೇಳಿಯೂ ಬಿಡುತ್ತಾನೆ. ಮೂರು ಗಂಟೆ ಬಿಟ್ಟು ಅದೇ ಪರಿಸ್ಥಿತಿ ಎದುರಿಗೆ ಬಂದಾಗ ಆ ಮಾತು ಅಲ್ಲಿ ಇರುವುದಿಲ್ಲ. ಸೋಮವಾರ ಬಂದದ್ದು ಮಂಗಳವಾರ ಬರುವುದಿಲ್ಲ, ಗುರುವಾರ ಮತ್ತೆ ಬರುತ್ತದೆ. ಹೊರಗಿನವರಿಗೆ ಇದು ಬೇಕಂತಲೇ ಮಾಡುವ ಹಾಗೆ ಕಾಣುತ್ತದೆ.

ಸುಳ್ಳಿನ ಕತೆ ಇನ್ನೂ ವಿಚಿತ್ರ. “ನಿನ್ನೆ ಎಲ್ಲಿದ್ದೆ?” ಅಂದರೆ ನೆನಪಿನಲ್ಲಿ ತೂತು ಇರುತ್ತದೆ. ಆ ತೂತನ್ನು ಅವನ ಮಿದುಳು ಹೊಂದಿಕೆಯಾಗುವ ಏನನ್ನೋ ತಂದು ಮುಚ್ಚುತ್ತದೆ. ಅವನು ಅದನ್ನು ನಂಬುತ್ತಾನೆ. ಒಮ್ಮೆ ಒಂದು ಸೈಕಲ್ ಕದ್ದದ್ದನ್ನು ಪೊಲೀಸರ ಮುಂದೆ ಒಪ್ಪಿಕೊಂಡ. ಆ ರಾತ್ರಿ ಅವನು ಆಸ್ಪತ್ರೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಳ್ಳುತ್ತಿದ್ದ ಅನ್ನುವುದಕ್ಕೆ ಕಾಗದ ಇತ್ತು. ಎದುರಿಗಿದ್ದವರು ಪದೇ ಪದೇ ಕೇಳಿದರು, ಅವರಿಗೆ ಬೇಕಾದದ್ದನ್ನು ಕೊಟ್ಟ. ದುಡ್ಡು ಕೇಳಿದವರಿಗೆ ದುಡ್ಡು ಕೊಟ್ಟ ಹಾಗೆಯೇ.

ಆ ಏಳು ಜನರ ವಿಷಯವೂ ಅಷ್ಟೇ. ಇಂಥ ಮನೆಗಳನ್ನು ಬೀದಿಯವರು ಬೇಗ ಗುರುತಿಸುತ್ತಾರೆ. ಚಳಿಯಲ್ಲಿ ಒಬ್ಬ ಬರುತ್ತಾನೆ. ಇಲ್ಲ ಅನ್ನಲು ನಮ್ಮವನಿಗೆ ಬಾಯಿ ಬರುವುದಿಲ್ಲ, ಬೀದಿಯಲ್ಲಿ ನಮ್ಮವನಿಗೂ ಯಾರೋ ಕಂಬಳಿ ಕೊಟ್ಟಿರುತ್ತಾರೆ. ಆ ಒಬ್ಬ ಇನ್ನೊಬ್ಬನನ್ನು ಕರೆದುಕೊಂಡು ಬರುತ್ತಾನೆ. ಎರಡು ವಾರದಲ್ಲಿ ಮಾದಕವಸ್ತು ಮಾರುವವನೊಬ್ಬ ಬಂದು ಕೂರುತ್ತಾನೆ. ಆಮೇಲೆ ಮನೆಯ ಯಜಮಾನ ಮೆಟ್ಟಿಲ ಕೆಳಗೆ.

ನಾವು ಇದಕ್ಕೆ ಮಾಡಿದ್ದೇನು? ಅತಿಥಿಗಳ ಬಗ್ಗೆ ಒಂದು ಒಪ್ಪಂದ ಬರೆದು ಸಹಿ ಹಾಕಿಸಿಕೊಂಡೆವು. ಮುರಿದ. ಇನ್ನೊಮ್ಮೆ ಹಾಕಿಸಿಕೊಂಡೆವು. ಮುರಿದ. ಮೂರನೇ ಸಹಿ ನನ್ನ ಎದುರೇ ಆದದ್ದು. ಅವನು ಚಂದ ಸಹಿ ಹಾಕುತ್ತಾನೆ. ತಪ್ಪಿಗೆ ಶಿಕ್ಷೆ ಇದ್ದರೆ ಮುಂದಿನ ಬಾರಿ ಎಚ್ಚರ ಬರುತ್ತದೆ ಅನ್ನುವುದು ನಮ್ಮ ಲೆಕ್ಕ. ಹೋದ ಬಾರಿಯನ್ನೂ ಮುಂದಿನ ಬಾರಿಯನ್ನೂ ಒಂದಕ್ಕೊಂದು ಕಟ್ಟುವ ದಾರವೇ ಅವನ ಮಿದುಳಿನಲ್ಲಿ ಸಡಿಲ. ಕುಂಟುವವನಿಗೆ ಮೆಟ್ಟಿಲು ಹತ್ತದಿದ್ದರೆ ದಂಡ ಹಾಕಿದಂತೆ ಆಯಿತು.

ಬದಲಿಸಿದ್ದು ಅವನನ್ನಲ್ಲ

ಹೊಸದಾಗಿ ಶುರು ಮಾಡಿದಾಗ ತಂಡದಲ್ಲಿ ಒಂದು ನಿಯಮ ಮಾಡಿಕೊಂಡೆವು. ಅವನು ಏನಾದರೂ ತಪ್ಪಿದರೆ, ‘ಅವನು ಯಾಕೆ ಮಾಡಲಿಲ್ಲ’ ಅಂತ ಕೇಳುವ ಹಾಗಿಲ್ಲ. ‘ನಾವು ಅವನ ಮಿದುಳಿನಿಂದ ಏನು ಕೇಳಿದೆವು’ ಅಂತ ಕೇಳಬೇಕು. ಎಫ್‌ಎಎಸ್‌ಡಿ ಬಗ್ಗೆ ಕೆಲಸ ಮಾಡುವವರ ನಡುವೆ ಎಂಟು ಮಾತುಗಳ ಒಂದು ಪಟ್ಟಿ ಓಡಾಡುತ್ತದೆ, ಡೆಬ್ ಎವೆನ್ಸನ್ ಮತ್ತು ಜಾನ್ ಲಟ್ಕೆ ಎಂಬಿಬ್ಬರು ಮಾಡಿದ್ದು. ಕಣ್ಣಿಗೆ ಕಾಣುವ ಹಾಗೆ ಹೇಳು, ಒಂದೇ ರೀತಿ ಹೇಳು, ಮತ್ತೆ ಮತ್ತೆ ಹೇಳು, ದಿನಚರಿ ಇರಲಿ, ಸರಳವಾಗಿರಲಿ, ಹೀಗೆ. ಗೋಡೆಗೆ ಅಂಟಿಸಿಕೊಳ್ಳಲು ಚೆನ್ನಾಗಿದೆ. ಕೆಲಸ ಇರುವುದು ಅದನ್ನು ಒಬ್ಬ ಮನುಷ್ಯನ ಮಂಗಳವಾರಕ್ಕೆ ಹೊಂದಿಸುವುದರಲ್ಲಿ.

ಮೊದಲು ಸಮಯ. ‘ಗುರುವಾರ ಮೂರು ಗಂಟೆಗೆ ಆಫೀಸಿಗೆ ಬಾ’ ಅನ್ನುವುದನ್ನು ಬಿಟ್ಟೆವು. ಅವನು ಪ್ರತಿದಿನ ಮಧ್ಯಾಹ್ನ ಊಟಕ್ಕೆ ಹೋಗುವ ಒಂದು ಕಡೆ ಇತ್ತು. ಊಟ ಮುಗಿಯುವ ಹೊತ್ತಿಗೆ ನಾವೇ ಅಲ್ಲಿ ಇರುತ್ತಿದ್ದೆವು, ಅದೇ ಮೇಜು, ಅದೇ ಬಾಗಿಲಿನ ಪಕ್ಕ. ವೈದ್ಯರ ಬಳಿ ಹೋಗಬೇಕಿದ್ದರೆ ಚೀಟಿ ಕೊಡುತ್ತಿರಲಿಲ್ಲ, ಜೊತೆಗೆ ಹೋಗುತ್ತಿದ್ದೆವು. ಒಮ್ಮೆಗೆ ಒಂದೇ ಕೆಲಸ. ಬ್ಯಾಂಕು, ಗುರುತಿನ ಚೀಟಿ, ಕ್ಲಿನಿಕ್ ಮೂರನ್ನೂ ಒಂದೇ ದಿನ ಮುಗಿಸುವ ಚಪಲ ನನಗಿತ್ತು. ಎರಡನೇ ಸಾಲಿನಲ್ಲಿ ನಿಂತಾಗಲೇ ಅವನು ಕಾಣೆಯಾಗಿದ್ದ. ಟ್ಯೂಬ್‌ಲೈಟಿನ ಬೆಳಕು, ಜನರ ಸದ್ದು ಅವನಿಗೆ ತಲೆಯೊಳಗೆ ಮೊಳೆ ಹೊಡೆದ ಹಾಗೆ ಆಗುತ್ತದಂತೆ. ಅದನ್ನು ಹೇಳಲು ಅವನಿಗೆ ಒಂದು ವರ್ಷ ಬೇಕಾಯಿತು.

ಆಮೇಲೆ ಕಾಗದ. ಆಲ್ಬರ್ಟಾದಲ್ಲಿ ಗಂಭೀರ ಅಂಗವೈಕಲ್ಯ ಇರುವವರಿಗೆ ಐಶ್ ಎಂಬ ತಿಂಗಳ ಭತ್ಯೆ ಇದೆ. ಅದಕ್ಕೆ ವೈದ್ಯರು ಫಾರಂ ತುಂಬಬೇಕು. ಮೊದಲ ಭೇಟಿಯಲ್ಲಿ ವೈದ್ಯರು “ಅಡುಗೆ ಮಾಡಲು ಬರುತ್ತಾ?” ಅಂದರು. “ಬರುತ್ತೆ” ಅಂದ. “ದುಡ್ಡಿನ ವ್ಯವಹಾರ?” “ನಾನೇ ನೋಡ್ಕೊತೀನಿ.” ಅವನ ಪ್ರಕಾರ ಎರಡೂ ನಿಜ. ನೂಡಲ್ಸ್ ಮಾಡಲು ಬರುತ್ತದೆ, ಮನೆ ಹೊಗೆಯಾದದ್ದು ಬೇರೆ ವಿಷಯ. ಎರಡನೇ ಬಾರಿ ನಾನು ಜೊತೆಗೆ ಕೂತೆ. ಅವನ ಒಪ್ಪಿಗೆ ಕೇಳಿ, ನಡೆದದ್ದನ್ನು ತಾರೀಖಿನ ಸಮೇತ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ. ಸಹಾಯ ಸಿಗಬೇಕಾದರೆ ಒಬ್ಬ ಮನುಷ್ಯನ ಎಲ್ಲ ಸೋಲುಗಳನ್ನು ಅವನ ಮುಂದೆಯೇ ಓದಿ ಹೇಳಬೇಕು. ಈ ಕೆಲಸದಲ್ಲಿ ನನಗೆ ಒಗ್ಗದ ಭಾಗ ಇದು. ಮಂಜೂರಾಯಿತು ಅನ್ನಿ.

ದುಡ್ಡಿನ ವಿಷಯಕ್ಕೆ ಬಂದಾಗ ನನಗೆ ಅಪ್ಪ ನೆನಪಾದರು. ಅಪ್ಪ ಚಿಕ್ಕಮಗಳೂರಿನ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಸಂತೆಯ ಹಿಂದಿನ ದಿನ ಬಟವಾಡೆ. ಆಗ ಇನ್ನೂ ಪ್ಯಾಕೆಟ್ ಸಾರಾಯಿ ಇತ್ತು, ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಬಟವಾಡೆಯ ಸಂಜೆ ಅರ್ಧ ಕೂಲಿ ಗೇಟಿನ ಆಚೆಯೇ ಮುಗಿಯುತ್ತಿತ್ತು. ಅಪ್ಪ ಕೆಲವರ ಕೂಲಿಯಲ್ಲಿ ಅಕ್ಕಿ, ಎಣ್ಣೆಯ ಲೆಕ್ಕ ಮುರಿದುಕೊಂಡು ಮಿಕ್ಕದ್ದನ್ನು ಮಾತ್ರ ಕೈಗೆ ಕೊಡುತ್ತಿದ್ದರು. ಹೆಂಗಸರು ಕೈಮುಗಿಯುತ್ತಿದ್ದರು, ಗಂಡಸರು ಬೆನ್ನ ಹಿಂದೆ ಬೈಯುತ್ತಿದ್ದರು. ನಾನು ಕಾಲೇಜಿಗೆ ಹೋದ ಮೇಲೆ ಅಪ್ಪನ ಜೊತೆ ಜಗಳ ಆಡಿದ್ದೆ. ಅವರ ದುಡ್ಡು ಹಿಡಿಯಲು ನೀವು ಯಾರು ಅಂತ.

ಈಗ ನಾನೇ ಅಪ್ಪನ ಕೆಲಸ ಮಾಡುತ್ತಿದ್ದೇನೆ. ಬಾಡಿಗೆ ಸೀದಾ ಮಾಲೀಕರಿಗೆ ಹೋಗುತ್ತದೆ. ಉಳಿದದ್ದನ್ನು ನೋಡಿಕೊಳ್ಳಲು, ಅವನ ಒಪ್ಪಿಗೆ ಪಡೆದು, ಹಣಕಾಸಿನ ಉಸ್ತುವಾರಿಗೆ ಒಂದು ಸಂಸ್ಥೆ ಇದೆ. ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಲಕೋಟೆ. ತಿಂಗಳು ಅನ್ನುವುದು ಅವನಿಗೆ ಹಿಡಿತಕ್ಕೆ ಸಿಗುವುದಿಲ್ಲ, ಎರಡು ದಿನ ಸಿಗುತ್ತದೆ. ಯಾರಾದರೂ ಕೇಳಿದರೂ ಕೊಡಲು ಎರಡು ದಿನದ್ದಷ್ಟೇ ಇರುತ್ತದೆ. ಒಂದು ಶುಕ್ರವಾರ ಅವನು ಲಕೋಟೆಯನ್ನು ನನ್ನ ಕಾಲ ಬಳಿ ಎಸೆದ. “ನಾನೇನು ಮಗೂನಾ?” ಅಂದ. ನನ್ನ ಬಳಿ ಉತ್ತರ ಇರಲಿಲ್ಲ. ಲಕೋಟೆ ಎತ್ತಿ ಜೇಬಿಗೆ ಹಾಕಿಕೊಂಡೆ. ಊಟದ ಮೇಜಿನ ಬಳಿ ಕಾದೆ. ಒಂದು ಗಂಟೆ ಬಿಟ್ಟು ಬಂದು ತೆಗೆದುಕೊಂಡ. ಅವನು ಜಗಳವನ್ನು ಮರೆತಿದ್ದನೋ ಇಲ್ಲವೋ ಗೊತ್ತಿಲ್ಲ. ನಾನು ಮರೆತಿಲ್ಲ.

ಕೋರ್ಟಿನ ಕೆಲಸವೂ ಇತ್ತು. ಅವನ ಮೇಲಿದ್ದ ಪ್ರಕರಣಗಳಲ್ಲಿ ಹೆಚ್ಚಿನವು ಜಾಮೀನಿನ ಷರತ್ತು ಮುರಿದದ್ದು. ಹಾಜರಾಗಲಿಲ್ಲ, ಹೋಗಬಾರದ ಬೀದಿಗೆ ಹೋದ, ರಾತ್ರಿ ಹತ್ತರ ಮೇಲೆ ಹೊರಗಿದ್ದ. ಮನೆಯೇ ಇಲ್ಲದವನಿಗೆ ಹತ್ತರೊಳಗೆ ಮನೆ ಸೇರು ಅಂತ ಷರತ್ತು! ಕೆನಡಾದ ಸುಪ್ರೀಂ ಕೋರ್ಟ್ 2020ರಲ್ಲಿ ಝೋರಾ ಪ್ರಕರಣದಲ್ಲಿ ಜಾಮೀನಿನ ಷರತ್ತುಗಳು ಆದಷ್ಟು ಕಮ್ಮಿ ಇರಬೇಕು, ಆ ವ್ಯಕ್ತಿಗೆ ಹೊಂದುವಂತಿರಬೇಕು ಅಂತ ಹೇಳಿದೆ. ವಕೀಲರು ಆ ತೀರ್ಪನ್ನೂ ಕ್ಲಿನಿಕ್ ವರದಿಯನ್ನೂ ಮುಂದಿಟ್ಟರು. ಒಂಬತ್ತು ಷರತ್ತು ಎರಡಕ್ಕೆ ಇಳಿಯಿತು. ಆ ಎರಡನ್ನು ಚಿತ್ರ ಬರೆದು ಅವನ ಫೋನಿನ ಹಿಂದೆ ಅಂಟಿಸಿದೆವು.

ಬಾಗಿಲು

ಎಲ್ಲಕ್ಕಿಂತ ಕಷ್ಟ ಆದದ್ದು ಬಾಗಿಲು. ‘ಬೇಡ ಅನ್ನಲು ಕಲಿಸೋಣ’ ಅಂತ ಆರು ವಾರ ಅಭ್ಯಾಸ ಮಾಡಿಸಿದ್ದರು ಹಿಂದೆ. ಆಫೀಸಿನ ರೂಮಿನಲ್ಲಿ ಅವನು ಚೆನ್ನಾಗಿಯೇ ಹೇಳುತ್ತಿದ್ದ. ಕಲಿಸುವುದನ್ನು ಕೈಬಿಟ್ಟೆವು. ‘ಬೇಡ’ ಅನ್ನುವ ಕೆಲಸವನ್ನೇ ಅವನ ಹೆಗಲಿನಿಂದ ಇಳಿಸಿದೆವು.

ಈಗ ಅವನಿರುವ ಕಟ್ಟಡದಲ್ಲಿ ನಲವತ್ತು ಚಿಲ್ಲರೆ ಚಿಕ್ಕ ಮನೆಗಳಿವೆ. ಕೆಳಗೆ ಒಂದು ಮೇಜು, ಅಲ್ಲಿ ಹಗಲು ರಾತ್ರಿ ಯಾರಾದರೂ ಇರುತ್ತಾರೆ. ಬಂದವರು ಗುರುತಿನ ಚೀಟಿ ಕೊಟ್ಟು ಹೆಸರು ಬರೆಸಬೇಕು, ಒಮ್ಮೆಗೆ ಒಬ್ಬರೇ, ರಾತ್ರಿ ಹನ್ನೊಂದಕ್ಕೆ ಹೊರಡಬೇಕು. ಕುಡಿದರೆ ಮನೆ ಹೋಗುವುದಿಲ್ಲ, ಅದು ಹೌಸಿಂಗ್ ಫಸ್ಟ್‌ನ ಮಾತೇ. ನಿಯಮ ಕಟ್ಟಡದ್ದು, ಅವನದ್ದಲ್ಲ. ಮೊದಲ ವಾರ ಯಾರೋ ಬಂದು ಬಾಗಿಲು ಬಡಿದಾಗ ಅವನು ಕಿಟಕಿಯಿಂದ ಹೇಳಿದ್ದು ಕೇಳಿ ನನಗೆ ನಗು ಬಂತು. “ನನಗೇನಿಲ್ಲಪ್ಪ, ಮೇಜಿನವಳು ಬಿಡಲ್ಲ. ಅವಳು ಭಾರಿ ಜೋರು.” ಸ್ನೇಹವೂ ಉಳಿಯಿತು, ಬಾಗಿಲೂ ಉಳಿಯಿತು.

ಒಲೆ ತೆಗೆಸಿ ಮೈಕ್ರೋವೇವ್ ಇಟ್ಟೆವು. ಬೀಗದ ಕೈ ಕಳೆಯುತ್ತಲೇ ಇತ್ತು, ನಂಬರ್ ಒತ್ತುವ ಬೀಗ ಹಾಕಿಸಿದರು. ನಂಬರ್ ಅವನ ಹುಟ್ಟಿದ ವರ್ಷ. ಭದ್ರತೆಯ ಪಾಠ ಹೇಳುವವರು ಇದನ್ನು ಕೇಳಿದರೆ ಎದೆ ಹಿಡಿದುಕೊಳ್ಳುತ್ತಾರೆ.

ಐದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಅಮ್ಮನಿಗೆ ಹುಷಾರಿಲ್ಲ ಅಂತ ನಾನು ಐದು ವಾರ ಊರಿಗೆ ಹೋದೆ. ಎಲ್ಲವನ್ನೂ ಬರೆದಿಟ್ಟು ಹೋಗಿದ್ದೆ, ಹನ್ನೆರಡು ಪುಟ. ನನ್ನ ಬದಲಿಗೆ ಬಂದವರು ಒಳ್ಳೆಯವರೇ. ಆದರೆ ಊಟದ ಮೇಜಿನ ಬಳಿ ಹೋಗುವುದನ್ನು ಬಿಟ್ಟು ಅವನಿಗೆ ಮೆಸೇಜ್ ಕಳಿಸಿದರು. ಉತ್ತರ ಬರದಿದ್ದಾಗ ಇನ್ನೊಂದು ಕಳಿಸಿದರು. ಲಕೋಟೆ ಆಫೀಸಿನಲ್ಲೇ ಉಳಿಯಿತು. ಮೂರನೇ ವಾರ ಅವನು ಕಟ್ಟಡಕ್ಕೆ ಬರುವುದನ್ನು ನಿಲ್ಲಿಸಿದ. ಹನ್ನೊಂದು ದಿನ. ಕೊನೆಗೆ ಸಿಕ್ಕಿದ್ದು ನದಿ ದಂಡೆಯ ಒಂದು ಟೆಂಟಿನಲ್ಲಿ. ಯಾಕೆ ಹೋದೆ ಅಂದರೆ, “ನೀನು ಹೋದೆಯಲ್ಲ, ಮನೆ ಮುಗೀತು ಅಂದ್ಕೊಂಡೆ” ಅಂದ. ಅವನ ತಲೆಯಲ್ಲಿ ಮನೆ, ನಾನು, ಶುಕ್ರವಾರದ ಲಕೋಟೆ ಎಲ್ಲ ಒಂದೇ ಗಂಟು. ಒಂದು ಎಳೆ ಬಿಚ್ಚಿದರೆ ಪೂರ್ತಿ ಬಿಚ್ಚಿದಂತೆ.

ಎಫ್‌ಎಎಸ್‌ಡಿ ಕೆಲಸದಲ್ಲಿ ‘ಹೊರಗಿನ ಮಿದುಳು’ ಅನ್ನುವ ಮಾತಿದೆ, ಸ್ಟರ್ಲಿಂಗ್ ಕ್ಲ್ಯಾರೆನ್ ಎಂಬ ವೈದ್ಯರು ಬಳಕೆಗೆ ತಂದದ್ದು. ಅವನಿಗೆ ನೆನಪಾಗದ್ದನ್ನು ನೆನಪಿಡುವ, ಅವನಿಗೆ ಕಾಣದ ನಾಳೆಯನ್ನು ನೋಡುವ ಇನ್ನೊಬ್ಬರು. ಆ ಹೊರಗಿನ ಮಿದುಳಿಗೂ ಜ್ವರ ಬರುತ್ತದೆ, ರಜೆ ಬೇಕಾಗುತ್ತದೆ, ವಿಮಾನ ಹತ್ತಬೇಕಾಗುತ್ತದೆ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಇಬ್ಬರು ಹೋಗುತ್ತೇವೆ, ಒಂದು ವಾರ ನಾನು, ಒಂದು ವಾರ ಇನ್ನೊಬ್ಬಳು, ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ. ಮೇಜಿನವರೂ ಸೇರಿ ನಾಲ್ಕೈದು ಮಿದುಳು ಆಯಿತು. ದುಬಾರಿ ಅಂತ ಕೇಳಿದವರಿಗೆ ನಾನು ಆ ನೆನೆದ ಎರಡು ಮನೆ, ಆ್ಯಂಬುಲೆನ್ಸ್, ಕಾಲಿನ ಎರಡು ಬೆರಳು, ಜೈಲಿನ ರಾತ್ರಿಗಳ ಲೆಕ್ಕ ಹೇಳುತ್ತೇನೆ.

ಊರಿಗೆ ಹೋಗಿದ್ದಾಗ ಅಪ್ಪನಿಗೆ ಈ ಕತೆ ಹೇಳಿದೆ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಒಬ್ಬ ಹುಡುಗನ ಹೆಸರು ಹೇಳಿ, “ಅವನೂ ಹೀಗೇ ಇದ್ದ, ಅಲ್ವಾ?” ಅಂದರು. ಇದ್ದ. ಅವನ ಅಮ್ಮನೂ ಪ್ಯಾಕೆಟ್ ಕುಡಿಯುತ್ತಿದ್ದಳು. ನಮ್ಮಲ್ಲಿ ಹೆಂಗಸರು ಕುಡಿಯುವುದಿಲ್ಲ ಅನ್ನುವವರು ಎಸ್ಟೇಟಿನ ಲೈನುಗಳನ್ನು ನೋಡಿಲ್ಲ ಅಷ್ಟೇ. ಆ ಹುಡುಗನಿಗೆ ಏನಿತ್ತೋ ನಾನು ಹೇಳುವ ಹಾಗಿಲ್ಲ, ಪರೀಕ್ಷಿಸಿದವರಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಹೆಸರಿದೆ, ಎಫ್‌ಎಎಸ್‌ಡಿ ಹೆಸರಿಲ್ಲ. ಅವನು ಬೆಂಗಳೂರು ಸೇರಿ ಬೀದಿಯಲ್ಲಿ ಕೈಯೊಡ್ಡಿದರೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಪ್ರಕಾರ ಹಿಡಿದುಕೊಂಡು ಹೋಗಿ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಇಡಬಹುದು. ಅವನು ಬೆಂಗಳೂರಿಗೆ ಹೋದನಂತೆ. ಆಮೇಲೆ ಏನಾದ ಅಂತ ಅಪ್ಪನಿಗೂ ಗೊತ್ತಿಲ್ಲ.

ನಮ್ಮವನು ಈ ಕಟ್ಟಡಕ್ಕೆ ಬಂದು ಹದಿನಾರು ತಿಂಗಳಾಯಿತು. ಅವನ ಬದುಕಿನಲ್ಲಿ ಒಂದೇ ವಿಳಾಸ ಇಷ್ಟು ದಿನ ಇದ್ದದ್ದು ಇದೇ ಮೊದಲು. ಕುಡಿತ ಬಿಟ್ಟಿಲ್ಲ, ಕಮ್ಮಿಯಾಗಿದೆ. ಹಿಂಬಾಗಿಲಿನಿಂದ ಇಬ್ಬರನ್ನು ಒಳಗೆ ಬಿಟ್ಟು ಎರಡು ಬಾರಿ ಸಿಕ್ಕಿಬಿದ್ದಿದ್ದಾನೆ. ಎರಡೂ ಬಾರಿ ನೋಟಿಸ್ ಕೊಡಲಿಲ್ಲ, ಹಿಂಬಾಗಿಲಿಗೆ ಅಲಾರಂ ಹಾಕಿಸಿದರು. ಅವನಿಗೆ ಒಂಟಿತನ ಜಾಸ್ತಿ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬೀದಿಯಲ್ಲಿ ಸುತ್ತ ಯಾವಾಗಲೂ ಜನ ಇರುತ್ತಿದ್ದರು. ನಾವು ಕಟ್ಟಿಕೊಟ್ಟ ಬಾಗಿಲು ಕಳ್ಳರ ಜೊತೆ ಗೆಳೆಯರನ್ನೂ ಹೊರಗೆ ನಿಲ್ಲಿಸಿತು.

ಹೋದ ತಿಂಗಳಿಂದ ಮೇಜಿನವಳು ಒಂದು ಉಪಾಯ ಮಾಡಿದ್ದಾಳೆ. ಸಂಜೆ ನಾಲ್ಕರಿಂದ ಆರರವರೆಗೆ ಅವನ ಗೆಳೆಯರು ಕೆಳಗಿನ ಹಾಲಿನಲ್ಲಿ ಕೂರಬಹುದು, ಮೇಲೆ ಹೋಗುವ ಹಾಗಿಲ್ಲ. ಆ ಏಳು ಜನರಲ್ಲಿ ಹೆಸರು ಗೊತ್ತಿದ್ದ ಇಬ್ಬರಲ್ಲಿ ಒಬ್ಬ ವಾರಕ್ಕೆರಡು ಸಲ ಬರುತ್ತಾನೆ. ಮೊನ್ನೆ ಬುಧವಾರ ಲಕೋಟೆ ಹಿಡಿದು ಹೋದಾಗ ಇಬ್ಬರೂ ಇಸ್ಪೀಟು ಆಡುತ್ತಿದ್ದರು. ಸ್ಕೋರು ಬರೆದುಕೊಳ್ಳುತ್ತಿದ್ದದ್ದು ಮೇಜಿನವಳು.